ಬ್ರಿಟನ್ನಿನ ಅಂಗಡಿಗಳು ದಿವಾಳಿಯಾದಾಗ ನೌಕರರಿಗೆ ಉಳಿಯುವುದೇನು?

ಪ್ರಶ್ನೆ: ಇಂಗ್ಲಿಷ್ ಪರೀಕ್ಷೆಯ ಸಿದ್ಧತೆಗಾಗಿ ನಾನು ಬ್ರಿಟನ್ನಿನ ಪತ್ರಿಕೆಗಳನ್ನು ಓದುತ್ತೇನೆ. ಹೆಸರಾಂತ ಅಂಗಡಿಗಳು ‘ಅಡ್ಮಿನಿಸ್ಟ್ರೇಷನ್‌ಗೆ ಹೋದವು’ ಎಂಬ ಸುದ್ದಿ ಪದೇ ಪದೇ ಕಾಣುತ್ತದೆ. ಹಾಗೆಂದರೆ ಅಂಗಡಿ ಮುಚ್ಚಿತೆಂದೇ? ಇದಕ್ಕೆ ಆನ್‌ಲೈನ್ ವ್ಯಾಪಾರವೊಂದೇ ಕಾರಣವೇ? ನೌಕರರ ಗತಿಯೇನು?

ಉತ್ತರ: ಮುಚ್ಚಿತೆಂದೇ ತಿಳಿಯಬೇಕಿಲ್ಲ. ಸಾಲ ತೀರಿಸಲಾಗದ ಕಂಪನಿಯ ಆಡಳಿತವು ನಿರ್ದೇಶಕರ ಕೈತಪ್ಪಿ, ಪರವಾನಗಿ ಪಡೆದ ದಿವಾಳಿ ತಜ್ಞರ ಕೈಸೇರುವ ಕಾನೂನು ವ್ಯವಸ್ಥೆಗೆ ಆ ಹೆಸರಿದೆ. ಆ ಅವಧಿಯಲ್ಲಿ ಸಾಲ ಕೊಟ್ಟವರು ನ್ಯಾಯಾಲಯದ ಅಥವಾ ಆ ತಜ್ಞರ ಒಪ್ಪಿಗೆಯಿಲ್ಲದೆ ವಸೂಲಿಗೆ ಇಳಿಯುವಂತಿಲ್ಲ. ಕೊಳ್ಳುವವರು ಸಿಕ್ಕರೆ ವ್ಯಾಪಾರ ಉಳಿಯುತ್ತದೆ. ಸಿಗದಿದ್ದರೆ ಇದ್ದ ಮಾಲನ್ನು ರಿಯಾಯಿತಿ ದರದಲ್ಲಿ ಖಾಲಿ ಮಾಡಿ ಬಾಗಿಲು ಹಾಕುತ್ತಾರೆ. 1909ರಲ್ಲಿ ಲಿವರ್‌ಪೂಲ್‌ನಲ್ಲಿ ಮೊದಲ ಬ್ರಿಟಿಷ್ ಅಂಗಡಿ ತೆರೆದಿದ್ದ ವೂಲ್‌ವರ್ತ್ಸ್, 2008ರ ನವೆಂಬರ್‌ನಲ್ಲಿ ಈ ಸ್ಥಿತಿಗೆ ಬಂದು, 2009ರ ಜನವರಿ ಮೊದಲ ವಾರದೊಳಗೆ ತನ್ನ 800ಕ್ಕೂ ಹೆಚ್ಚು ಮಳಿಗೆಗಳನ್ನು ಮುಚ್ಚಿತು.

ಆನ್‌ಲೈನ್ ವ್ಯಾಪಾರದ ಪೆಟ್ಟು ದೊಡ್ಡದೇ. ಇಂದು ಅಲ್ಲಿನ ಚಿಲ್ಲರೆ ಮಾರಾಟದ ಕಾಲು ಭಾಗಕ್ಕಿಂತ ಹೆಚ್ಚು ಅದರ ಪಾಲಾಗಿದೆ. ಆದರೆ ಎಲ್ಲ ಹೊಣೆಯನ್ನೂ ಅದರ ತಲೆಗೆ ಕಟ್ಟಿದರೆ ಸಾಲದ ಕಥೆ ಮರೆಯಾಗುತ್ತದೆ. 1778ರಷ್ಟು ಹಿಂದೆ ಮೂಲವಿದ್ದ ಡೆಬೆನಮ್ಸ್ ಎಂಬ ದೊಡ್ಡ ಅಂಗಡಿಗಳ ಸರಪಳಿಯನ್ನು 2003ರಲ್ಲಿ ಖಾಸಗಿ ಹೂಡಿಕೆದಾರರು ಕೊಂಡರು. ಅವರ ಕೈಯಲ್ಲಿದ್ದಾಗಲೇ 23 ಮಳಿಗೆಗಳ ಸ್ವಂತ ಕಟ್ಟಡಗಳು ಬ್ರಿಟಿಷ್ ಲ್ಯಾಂಡ್ ಎಂಬ ಕಂಪನಿಗೆ ಮಾರಾಟವಾಗಿ, ಅದೇ ಕಟ್ಟಡಗಳಲ್ಲಿ ದೀರ್ಘಾವಧಿಯ ಬಾಡಿಗೆದಾರನಾಗಿ ಡೆಬೆನಮ್ಸ್ ಉಳಿಯಿತು. 2006ರಲ್ಲಿ ಅದು ಷೇರುಪೇಟೆಗೆ ಮರಳಿದಾಗ ಬೆನ್ನ ಮೇಲೆ ಭಾರಿ ಸಾಲವಿತ್ತು. ಬ್ರಿಟನ್ನಿನ ಬಹಳಷ್ಟು ಹಳೆಯ ಕರಾರುಗಳಲ್ಲಿ ಬಾಡಿಗೆ ಪರಿಷ್ಕರಣೆಯಾದರೆ ಏರಬಹುದೇ ಹೊರತು ಇಳಿಯುವಂತಿಲ್ಲ; ಇಂಗ್ಲೆಂಡಿನಲ್ಲಿ ಮಾರ್ಚ್ 25, ಜೂನ್ 24, ಸೆಪ್ಟೆಂಬರ್ 29 ಮತ್ತು ಡಿಸೆಂಬರ್ 25ರಂದು ಮೂರು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕಟ್ಟುವುದು ರೂಢಿ. ಕ್ರಿಸ್‌ಮಸ್ ವ್ಯಾಪಾರ ಕೈಕೊಟ್ಟ ಅಂಗಡಿಗೆ ಆ ಗಡುವು ಎಷ್ಟು ಕಠಿಣವೆಂಬುದನ್ನು ಊಹಿಸಬಹುದು. ಕೊನೆಗೆ 2021ರಲ್ಲಿ ಆನ್‌ಲೈನ್ ಬಟ್ಟೆ ವ್ಯಾಪಾರದ ಬೂಹೂ ಕಂಪನಿ 5.5 ಕೋಟಿ ಪೌಂಡ್ ಕೊಟ್ಟು ಡೆಬೆನಮ್ಸ್‌ನ ಹೆಸರು ಮತ್ತು ಜಾಲತಾಣವನ್ನಷ್ಟೇ ಕೊಂಡಿತು. ಮಳಿಗೆಗಳೂ ಅಲ್ಲಿ ದುಡಿಯುತ್ತಿದ್ದವರೂ ಆ ವ್ಯವಹಾರದ ಹೊರಗೇ ಉಳಿದರು.

ಇನ್ನು ನೌಕರರ ವಿಷಯ. ಕಂಪನಿಯಲ್ಲಿ ಹಣವಿಲ್ಲದಿದ್ದರೂ, ಎರಡು ವರ್ಷ ಸತತವಾಗಿ ದುಡಿದವರಿಗೆ ಕಾನೂನು ನಿಗದಿಪಡಿಸಿದ ಕನಿಷ್ಠ ಪರಿಹಾರವನ್ನು ಸರ್ಕಾರದ ನ್ಯಾಷನಲ್ ಇನ್ಶೂರೆನ್ಸ್ ನಿಧಿ ಕೊಡುತ್ತದೆ. ಬಾಕಿ ಸಂಬಳಕ್ಕೂ ಒಂದು ಮಿತಿಯವರೆಗೆ ಅದೇ ಆಸರೆ. ಪಿಂಚಣಿಯ ಪ್ರಶ್ನೆ ಇನ್ನೂ ಜಟಿಲವಾಗಿದೆ. 2015ರಲ್ಲಿ ಕೇವಲ ಒಂದು ಪೌಂಡಿಗೆ ಕೈಬದಲಾದ ಬಿಎಚ್‌ಎಸ್ (ಬ್ರಿಟಿಷ್ ಹೋಮ್ ಸ್ಟೋರ್ಸ್) ಅಂಗಡಿ ಸರಪಳಿ ಮರುವರ್ಷವೇ ಕುಸಿದಾಗ ಸುಮಾರು 11,000 ಉದ್ಯೋಗಗಳು ಹೋದವು, ಪಿಂಚಣಿ ನಿಧಿಯಲ್ಲಿ 57.1 ಕೋಟಿ ಪೌಂಡ್ ಕೊರತೆ ಬಯಲಾಯಿತು. ಸಂಸತ್ತಿನ ಸಮಿತಿಗಳ ವಿಚಾರಣೆ ಮತ್ತು ಸಾರ್ವಜನಿಕ ಆಕ್ರೋಶದ ನಂತರ, 2017ರಲ್ಲಿ ಹಿಂದಿನ ಮಾಲೀಕ ಫಿಲಿಪ್ ಗ್ರೀನ್ 36.3 ಕೋಟಿ ಪೌಂಡ್‌ವರೆಗೆ ತುಂಬಿಕೊಡಲು ಒಪ್ಪಿದರು. ಒತ್ತಡ ಬಾರದಿದ್ದರೆ ಆ ಹಣ ಬರುತ್ತಿತ್ತೆಂದು ನನಗನ್ನಿಸುವುದಿಲ್ಲ.

ಸ್ವತ್ತು ಮಾರಿ ಬಂದ ಹಣದಲ್ಲಿ ಅಡಮಾನದ ಮೇಲೆ ಸಾಲ ಕೊಟ್ಟ ಬ್ಯಾಂಕುಗಳದೇ ಮೇಲುಗೈ. ಮಾಲು ಕೊಟ್ಟು ಬಾಕಿಗೆ ಕಾಯುತ್ತಿರುವ ಸಣ್ಣ ಪೂರೈಕೆದಾರರೂ ಗಿಫ್ಟ್ ಕಾರ್ಡ್ ಹಿಡಿದ ಗ್ರಾಹಕರೂ ಸರದಿಯ ಕೊನೆಯಲ್ಲಿ ನಿಲ್ಲುತ್ತಾರೆ, ಪೌಂಡಿಗೆ ಕೆಲವು ಪೆನ್ಸ್ ಸಿಕ್ಕರೂ ಹೆಚ್ಚು. ಸಾಲ ಹೇರುವ ತೀರ್ಮಾನದಲ್ಲಿ ಅವರ ಪಾತ್ರವೇನೂ ಇರುವುದಿಲ್ಲವಾದ್ದರಿಂದ, ಈ ಕ್ರಮ ಅನ್ಯಾಯವೆಂದೇ ನನ್ನ ಅಭಿಪ್ರಾಯ.