ಸರ್ಕಾರಿ ನೇಮಕಾತಿಯ ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿದ್ದ ಹೆಸರನ್ನು ಅಂತಿಮ ಪಟ್ಟಿಯಿಂದ ತೆಗೆಯಲು ಬರುತ್ತದೆಯೇ? ಪೊಲೀಸ್ ಪ್ರಕರಣವಿದ್ದರೆ ಏನಾಗುತ್ತದೆ?

ಬರುತ್ತದೆ. ಆದರೆ ನಿಮ್ಮನ್ನು ನಿಜವಾಗಿಯೂ ತೆಗೆದಿದ್ದಾರೆಯೇ ಎಂಬುದನ್ನು ಮೊದಲು ನೋಡಿ. ರಾಜ್ಯದ ಒಂದು ಇಲಾಖೆಯ ನೇಮಕಾತಿ ಶಾಖೆಯಲ್ಲಿ ಹಲವು ವರ್ಷ ಕಡತ ನೋಡಿದವನು ನಾನು. ‘ನನ್ನ ಹೆಸರು ಕಿತ್ತುಹಾಕಿದರು’ ಎಂದು ಸಿಟ್ಟಿನಲ್ಲಿ ಬಂದವರಲ್ಲಿ ಅರ್ಧಕ್ಕರ್ಧ ಜನರ ಹೆಸರನ್ನು ಯಾರೂ ಮುಟ್ಟಿರಲಿಲ್ಲ. ಬೇರೊಬ್ಬರು ಆಕ್ಷೇಪಣೆ ಸಲ್ಲಿಸಿ, ಅದು ಸರಿಯೆಂದು ಕಂಡು, ಇವರಿಗಿಂತ ಮೇಲೆ ಬಂದಿದ್ದರು. ನಿಮ್ಮ ಪ್ರವರ್ಗದಲ್ಲಿ ಕೊನೆಯದಾಗಿ ಆಯ್ಕೆಯಾದವರ ಅಂಕವನ್ನು ನಿಮ್ಮದರ ಪಕ್ಕ ಇಟ್ಟರೆ ಇದು ಐದು ನಿಮಿಷದಲ್ಲಿ ತಿಳಿಯುತ್ತದೆ.

ನಿಮ್ಮ ಅಂಕವೇ ಹೆಚ್ಚಿದ್ದರೆ ಅನುಮಾನ ದಾಖಲೆಗಳ ಕಡೆ ಹೋಗಬೇಕು. ಒಮ್ಮೆ ಮೂಲ ದಾಖಲೆಗಳ ಪರಿಶೀಲನೆಗೆ ಹಿಂದುಳಿದ ವರ್ಗಗಳ 2ಎ ಪ್ರವರ್ಗದ ಹುಡುಗಿಯೊಬ್ಬಳು ಬಂದಿದ್ದಳು. ಗ್ರಾಮೀಣ ಮೀಸಲಾತಿಯನ್ನೂ ಕೋರಿದ್ದಳು. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲೇ ಓದಿದ್ದಾಳೆ, ಮುಖ್ಯೋಪಾಧ್ಯಾಯರ ಸಹಿಯೂ ಇದೆ. ಆದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯ ಕೆಳಗಿದ್ದ ದಿನಾಂಕ ಅರ್ಜಿಯ ಕೊನೆಯ ದಿನಕ್ಕಿಂತ ನಾಲ್ಕು ದಿನ ಈಚಿನದು. ಅಧಿಸೂಚನೆಯಲ್ಲಿ ಕೊನೆಯ ದಿನಾಂಕದೊಳಗೆ ಪಡೆದ ಪ್ರಮಾಣಪತ್ರ ಎಂದೇ ಇತ್ತು. ‘ಗ್ರಾಮೀಣ ಕೋರಿಕೆ ತಿರಸ್ಕೃತ’ ಎಂದು ಬರೆದೆವು. ಅವಳು ಕಣ್ಣೊರೆಸಿಕೊಂಡು ಕಡತ ಎತ್ತಿಕೊಂಡಳು. ಕೂರಮ್ಮ ಎಂದೆ, ಹೋದದ್ದು ಗ್ರಾಮೀಣ ಕೋರಿಕೆ, ನಿನ್ನ ಅರ್ಜಿಯಲ್ಲ. 2ಎ ಹಾಗೆಯೇ ಇದೆ. ಅದೂ ಹೋದರೂ ಸಾಮಾನ್ಯ ಅರ್ಹತೆಯಲ್ಲಿ, ಅಂದರೆ ಮೀಸಲಾತಿಯಿಲ್ಲದ ಹುದ್ದೆಗಳಿಗೆ, ಪರಿಗಣಿಸಲೇಬೇಕು. ಪ್ರವರ್ಗದ ವಯೋಮಿತಿ ಸಡಿಲಿಕೆಯ ಮೇಲೆಯೇ ಅರ್ಜಿ ಹಾಕಿದವರಿಗೆ ಮಾತ್ರ ಆಗ ಕಷ್ಟ. ಕೋರಿಕೆಯ ತಿರಸ್ಕಾರಕ್ಕೂ ಅನರ್ಹತೆಗೂ ಇರುವ ಈ ವ್ಯತ್ಯಾಸ ತಿಳಿಯದೆ ಸುಮ್ಮನಾದವರನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ಪೊಲೀಸ್ ಪ್ರಕರಣದ ಬಗ್ಗೆಯೂ ಕೇಳಿದ್ದೀರಿ. ಪ್ರಕರಣಕ್ಕಿಂತ ಅದನ್ನು ಮುಚ್ಚಿಟ್ಟದ್ದೇ ಹೆಚ್ಚಾಗಿ ಮುಳುವಾಗುತ್ತದೆ. ಅವತಾರ್ ಸಿಂಗ್ ಪ್ರಕರಣದಲ್ಲಿ (2016) ಸುಪ್ರೀಂ ಕೋರ್ಟ್, ಹುಡುಗಾಟದ ವಯಸ್ಸಿನ ಕ್ಷುಲ್ಲಕ ಪ್ರಕರಣವಾಗಿದ್ದರೆ ಮುಚ್ಚಿಟ್ಟದ್ದನ್ನೂ ನೇಮಕಾತಿ ಪ್ರಾಧಿಕಾರ ಮನ್ನಿಸಬಹುದು ಎಂದಿತು. ಆದರೆ ನಿಜ ಹೇಳಿದ ಮಾತ್ರಕ್ಕೆ ನೇಮಕ ಮಾಡಲೇಬೇಕೆಂದೇನಿಲ್ಲ ಎಂದೂ ಅದೇ ತೀರ್ಪು ಹೇಳುತ್ತದೆ.

ಪಟ್ಟಿಯಲ್ಲಿ ಹೆಸರು ಬಂದರೆ ಹುದ್ದೆ ಕೈಗೆ ಬಂದಂತೆ ಎಂಬ ನಂಬಿಕೆಯನ್ನು ಮಾತ್ರ ಬಿಟ್ಟುಬಿಡಿ. ಅದಕ್ಕೆ ಸುಪ್ರೀಂ ಕೋರ್ಟಿನ 1991ರ ಶಂಕರಸನ್ ದಾಶ್ ತೀರ್ಪೇ ಅಡ್ಡ ನಿಂತಿದೆ. ಹಾಗೆಂದು ಸರ್ಕಾರ ಮನಸ್ಸಿಗೆ ಬಂದಂತೆ ಹುದ್ದೆಗಳನ್ನು ತುಂಬದೆ ಬಿಡುವಂತಿಲ್ಲ ಎಂಬ ಮಾತೂ ಅಲ್ಲಿಯೇ ಇದೆ, ನಿಮಗೆ ಬೇಕಾದದ್ದು ಅದು.

ಈಗ ಮಾಡಬೇಕಾದದ್ದು: ಫೋನಿನಲ್ಲಿ ವಿಚಾರಿಸುತ್ತ ಕೂರಬೇಡಿ. ನೇಮಕಾತಿ ಪ್ರಾಧಿಕಾರಕ್ಕೆ ಮನವಿ ಕೊಟ್ಟು, ಕಾರಣ ತೋರಿಸುವ ಲಿಖಿತ ಹಿಂಬರಹ, ಅಂದರೆ ಕಚೇರಿಯ ಅಧಿಕೃತ ಉತ್ತರ, ಕೇಳಿ. ಜೊತೆಗೆ ನಿಮ್ಮ ದಾಖಲೆ ಪರಿಶೀಲನೆಯ ಹಾಳೆಯ ನಕಲಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರಿಸಬೇಕು. ಹಿಂಬರಹದ ಕಾರಣ ಸರಿಯಲ್ಲ ಎನ್ನಿಸಿದರೆ ಸರ್ಕಾರಿ ನೇಮಕಾತಿಯ ತಕರಾರು ಕೇಳುವ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ಸಾಮಾನ್ಯವಾಗಿ ಅಂತಿಮ ಆದೇಶದಿಂದ ಒಂದು ವರ್ಷದ ಗಡುವು. ನೇಮಕಾತಿ ಆದೇಶಗಳು ಹೊರಬೀಳುವ ಮೊದಲೇ ಹೋದರೆ ಒಳ್ಳೆಯದು. ಹಿಂಬರಹ ಅಂಚೆಯಲ್ಲಿ ಬಂದರೆ ಲಕೋಟೆಯನ್ನು ಎಸೆಯಬೇಡಿ, ಅದರ ಮೇಲಿನ ಮುದ್ರೆಯ ದಿನಾಂಕವನ್ನು ವಕೀಲರು ಮೊದಲು ಕೇಳುತ್ತಾರೆ.