ಹರಾಜಿನಲ್ಲಿ ಕೊಂಡ ಒಲೆಯೊಳಗೆ ಮನುಷ್ಯನ ಕಾಲು ಸಿಕ್ಕಿದ್ದು ನಿಜವೇ? ಅದು ಹೇಗೆ ಸಾಧ್ಯ?

ನಿಜ. 2007ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಮೇಡನ್ ಎಂಬ ಸಣ್ಣ ಊರಿನಲ್ಲಿ ನಡೆದದ್ದು. ಸಾಮಾನು ಇಡಲು ಬಾಡಿಗೆಗೆ ಸಿಗುವ ಕೋಣೆಗಳಿಗೆ (ಸೆಲ್ಫ್ ಸ್ಟೋರೇಜ್) ಅಲ್ಲಿ ಒಂದು ಕಾನೂನಿದೆ: ಬಾಡಿಗೆ ನಿಂತರೆ ಒಳಗಿನ ಸಾಮಾನಿನ ಮೇಲೆ ಮಾಲೀಕರಿಗೆ ಅಡವಿನಂಥ ಹಕ್ಕು ಬರುತ್ತದೆ. ನೋಟಿಸ್ ಕೊಟ್ಟು, ಸಾಮಾನ್ಯವಾಗಿ ಕೋರ್ಟಿಗೆ ಹೋಗದೆಯೇ, ಹರಾಜು ಹಾಕಬಹುದು. ಒಂದೊಂದು ಡಬ್ಬಿಯನ್ನೂ ಯಾರೂ ಬಿಚ್ಚಿ ನೋಡುವುದಿಲ್ಲ.

ಹಾಗೆ ಮಾರಾಟವಾದ, ಮಾಂಸವನ್ನು ಹೊಗೆಯಲ್ಲಿ ಬೇಯಿಸುವ ಒಲೆಯೊಂದರ ಮುಚ್ಚಳ ತೆಗೆದರೆ ಒಳಗೆ ಕಾಲು! ಕೊಂಡವನು ಪೊಲೀಸರನ್ನು ಕರೆದ. ಕೊಲೆಯೇನೂ ಆಗಿರಲಿಲ್ಲ. 2004ರ ವಿಮಾನ ಅಪಘಾತದಲ್ಲಿ ತಂದೆಯನ್ನೂ ತನ್ನ ಕಾಲನ್ನೂ ಕಳೆದುಕೊಂಡಿದ್ದ ಒಬ್ಬ ವ್ಯಕ್ತಿ, ಮುಂದೆ ತನ್ನ ದೇಹದ ಜೊತೆ ಅದನ್ನೂ ಹೂಳಲಿ ಎಂದು ಜೋಪಾನ ಮಾಡಿದ್ದ. ಆಮೇಲೆ ಬಾಡಿಗೆ ಕಟ್ಟಲಾಗಲಿಲ್ಲ.

ಹಗರಣವಾದದ್ದು ಇದರ ನಂತರ. ಒಲೆ ಕೊಂಡವನು ಕಾಲೂ ನನ್ನದೇ ಎಂದು ಪಟ್ಟು ಹಿಡಿದ, ಒಲೆ ನೋಡಲು ಬಂದವರಿಂದ ದುಡ್ಡು ವಸೂಲಿ ಮಾಡಿದ. ಕೊನೆಗೆ ಟಿ.ವಿ. ನ್ಯಾಯಾಲಯದ ಕಾರ್ಯಕ್ರಮವೊಂದರಲ್ಲಿ ಕಾಲು ಅದನ್ನು ಕಳೆದುಕೊಂಡವನಿಗೇ ಸೇರಬೇಕೆಂದೂ, ಕೊಂಡವನಿಗೆ 5,000 ಡಾಲರ್ ಪರಿಹಾರ ಸಿಗಬೇಕೆಂದೂ ತೀರ್ಪಾಯಿತು. ಆ ಹಣವೂ ಅವನಿಗೆ ಸಲ್ಲಬಾರದಿತ್ತು ಎಂದೇ ನನ್ನ ಅಭಿಪ್ರಾಯ.