ಫ್ರೆಂಡ್ಲಿ ಮ್ಯಾಚ್‌ನಲ್ಲಿ ಗೋಲು ಬಿಡಿ, ನಿಮಿಷ ನೋಡಿ

ನೀವು ಕೇಳಿರುವುದು ಇಷ್ಟು: ಹುಬ್ಬಳ್ಳಿಯ ಗೆಳೆಯರೆಲ್ಲ ಸೇರಿ ಫ್ಯಾಂಟಸಿ ಪ್ರೀಮಿಯರ್ ಲೀಗ್ (ಇಂಗ್ಲೆಂಡಿನ ಫುಟ್‌ಬಾಲ್ ಲೀಗ್‌ನ ಆಟಗಾರರನ್ನು ಆಟದ ದುಡ್ಡಿನಲ್ಲಿ ಕೊಂಡು, ಅವರು ನಿಜವಾದ ಮ್ಯಾಚ್‌ನಲ್ಲಿ ಆಡಿದ್ದಕ್ಕೆ ಪಾಯಿಂಟ್ ಗಳಿಸುವ ಆಟ) ಆಡುತ್ತಿದ್ದೀರಿ, ನಿಮಗಿದು ಮೊದಲ ಸಲ, ಸೀಸನ್‌ಗೆ ಮುಂಚಿನ ಫ್ರೆಂಡ್ಲಿ ಮ್ಯಾಚ್ ನೋಡಿ ಟೀಮ್ ಆರಿಸಿದರೆ ಉಪಯೋಗ ಇದೆಯಾ?

ಇದೆ. ಸ್ಕೋರ್ ನೋಡಿದರೆ ಮೋಸ ಹೋಗುತ್ತೀರಿ. ಯಾರು ಎಷ್ಟು ಹೊತ್ತು ಆಡಿದರು, ಎಲ್ಲಿ ನಿಂತು ಆಡಿದರು ಅಂತ ನೋಡಿದರೆ ಲಾಭ ಇದೆ. ನಾನು ಧಾರವಾಡದವನು. ನಮ್ಮ ಸಪ್ತಾಪುರದ ರೂಮುಗಳಲ್ಲೂ ಪ್ರತಿ ಜುಲೈನಲ್ಲಿ ಇದೇ ಚರ್ಚೆ ನಡೆಯುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಮ್ಮ ಕಡೆಯವರು ಹೆಚ್ಚಾಗಿ ಕ್ರಿಕೆಟ್ ಫ್ಯಾಂಟಸಿಯಿಂದ ಬಂದವರು. ಅಲ್ಲಿ ಟಾಸ್ ಆದಮೇಲೆ ಆಡುವ ಹನ್ನೊಂದು ಜನ ಯಾರು ಅಂತ ಗೊತ್ತಾಗುತ್ತದೆ, ಆಮೇಲೂ ಟೀಮ್ ಬದಲಿಸಲು ಸಮಯ ಇರುತ್ತಿತ್ತು. ಇಲ್ಲಿ ಆ ಸೌಲಭ್ಯ ಇಲ್ಲ. ಆ ವಾರದ ಮೊದಲ ಮ್ಯಾಚ್ ಶುರುವಾಗಲು 90 ನಿಮಿಷ ಇರುವಾಗಲೇ ಬಾಗಿಲು ಮುಚ್ಚುತ್ತದೆ. ಹನ್ನೊಂದರ ಪಟ್ಟಿ ಹೊರಬರುವುದು ಅದಾದ ಮೇಲೆ. ಅಂದರೆ ನೀವು ದುಡ್ಡು ಸುರಿದು ತಂದ ಆಟಗಾರ ಬೆಂಚ್ ಮೇಲೆ ಕೂತಿದ್ದಾನೆ ಅಂತ ಗೊತ್ತಾಗುವ ಹೊತ್ತಿಗೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಮೊದಲ ವಾರದಲ್ಲಿ ಯಾರು ಆಡುತ್ತಾರೆ ಅನ್ನುವುದಕ್ಕೆ ಇರುವ ದೊಡ್ಡ ಸುಳಿವು ಅಂದರೆ ಈ ಫ್ರೆಂಡ್ಲಿಗಳೇ.

ಗೋಲು ಯಾಕೆ ನಂಬಬಾರದು ಅನ್ನುವುದಕ್ಕೆ 2022ರ ಬೇಸಿಗೆಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಲಿವರ್‌ಪೂಲ್‌ಗೆ ಹೊಸದಾಗಿ ಬಂದಿದ್ದ ಡಾರ್ವಿನ್ ನೂನಿಯೆಸ್, ಜರ್ಮನಿಯ ಲೈಪ್‌ಜಿಗ್ ವಿರುದ್ಧದ ಫ್ರೆಂಡ್ಲಿಯಲ್ಲಿ ಎರಡನೇ ಅರ್ಧಕ್ಕೆ ಇಳಿದು ನಾಲ್ಕು ಗೋಲು ಹೊಡೆದ. ಆಮೇಲೆ ಜುಲೈ 30ಕ್ಕೆ, ಸೀಸನ್‌ಗೆ ಮುಂಚೆ ನಡೆಯುವ ಕಮ್ಯುನಿಟಿ ಶೀಲ್ಡ್ ಮ್ಯಾಚ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಮೇಲೂ ಒಂದು ಗೋಲು. ಅದೇ ಮ್ಯಾಚ್‌ನಲ್ಲಿ ಸಿಟಿಯ ಎರ್ಲಿಂಗ್ ಹಾಲಂಡ್ ಕೊನೆಯಲ್ಲಿ ಗೋಲ್‌ಪೋಸ್ಟ್ ಹತ್ತಿರವೇ ನಿಂತು, ತೆರೆದ ಗೋಲಿಗೆ ಹೊಡೆದ ಚೆಂಡು ಮೇಲಿನ ಕಂಬಕ್ಕೆ ಬಡಿಯಿತು. ಆ ವಾರ ಎಲ್ಲರ ಬಾಯಲ್ಲೂ ಒಂದೇ ಮಾತು: ಹಾಲಂಡ್‌ಗೆ 11.5 ಮಿಲಿಯನ್ ಯಾಕೆ ಕೊಡಬೇಕು, ನೂನಿಯೆಸ್ 9 ಮಿಲಿಯನ್‌ಗೆ ಸಿಗುತ್ತಾನಲ್ವಾ?

ಹಾಲಂಡ್ ಮೊದಲ ಲೀಗ್ ಮ್ಯಾಚ್‌ನಲ್ಲೇ ವೆಸ್ಟ್ ಹ್ಯಾಮ್ ವಿರುದ್ಧ ಎರಡು ಗೋಲು ಹೊಡೆದ. ಸೀಸನ್ ಮುಗಿಯುವಾಗ 36 ಗೋಲು, ಪ್ರೀಮಿಯರ್ ಲೀಗ್ ದಾಖಲೆ. ನೂನಿಯೆಸ್ ಮೊದಲ ಮ್ಯಾಚ್‌ನಲ್ಲಿ ಬೆಂಚ್‌ನಿಂದ ಬಂದು ಗೋಲು ಹೊಡೆದ, ಅದು ನಿಜ. ಎರಡನೇ ಮ್ಯಾಚ್‌ನಲ್ಲಿ ರೆಡ್ ಕಾರ್ಡ್ ತಿಂದು ಮೂರು ಪಂದ್ಯ ಹೊರಗೆ ಕೂತ. ಲೀಗ್‌ನಲ್ಲಿ ಅವನ ಆ ಸೀಸನ್‌ನ ಒಟ್ಟು ಗೋಲು 9.

ಈಗ ಅದೇ ಬೇಸಿಗೆಯ ಇನ್ನೊಂದು ಮುಖ ನೋಡಿ. ಎಮಿರೇಟ್ಸ್ ಕಪ್ ಅನ್ನುವ ಫ್ರೆಂಡ್ಲಿಯಲ್ಲಿ ಆರ್ಸೆನಲ್, ಸ್ಪೇನ್‌ನ ಸೆವಿಯಾವನ್ನು 6-0ಯಿಂದ ಸೋಲಿಸಿತು. ಸಿಟಿಯಿಂದ ಹೊಸದಾಗಿ ಬಂದಿದ್ದ ಗೇಬ್ರಿಯಲ್ ಜೀಸಸ್ ಹ್ಯಾಟ್ರಿಕ್ ಹೊಡೆದ, ಎಲ್ಲರೂ ಅದನ್ನೇ ಮಾತಾಡಿದರು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಹಿಂದೆ ನಿಂತ ನಾಲ್ಕು ಡಿಫೆಂಡರ್‌ಗಳು: ವೈಟ್, ಸಲಿಬಾ, ಗೇಬ್ರಿಯಲ್ (ಜೀಸಸ್ ಅಲ್ಲ, ಇವನು ಬೇರೆ), ಜಿನ್‌ಚೆಂಕೊ. ಸಲಿಬಾ ಹಿಂದಿನ ವರ್ಷ ಫ್ರಾನ್ಸ್‌ನ ಮಾರ್ಸೇ ಕ್ಲಬ್‌ನಲ್ಲಿ ಲೋನ್ ಮೇಲೆ (ಎರವಲಾಗಿ) ಆಡುತ್ತಿದ್ದವನು, ಆರ್ಸೆನಲ್ ಪರ ಅಲ್ಲಿಯವರೆಗೆ ಒಂದೂ ಲೀಗ್ ಮ್ಯಾಚ್ ಆಡಿರಲಿಲ್ಲ. ಹಾಗಾಗಿ ಬೆಲೆ ಬರೀ 4.5 ಮಿಲಿಯನ್. ಆರು ದಿನ ಬಿಟ್ಟು ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ ಮೊದಲ ಲೀಗ್ ಮ್ಯಾಚ್. ಅದೇ ನಾಲ್ಕು ಜನ, 2-0 ಗೆಲುವು, ಕ್ಲೀನ್ ಶೀಟ್ (ಒಂದೂ ಗೋಲು ಬಿಟ್ಟುಕೊಡದ ಮ್ಯಾಚ್). ಆವತ್ತು ಜೀಸಸ್ ಗೋಲು ಹೊಡೆಯಲಿಲ್ಲ. ಆದರೆ ಸಿಟಿಯಲ್ಲಿ ಎಷ್ಟೋ ಸಲ ಬದಿಯಲ್ಲಿ ಓಡುತ್ತಿದ್ದವನು ಇಲ್ಲಿ ನಡುವೆ, ಗೋಲಿನ ಎದುರು ಆಡುತ್ತಿದ್ದಾನೆ ಅನ್ನುವುದು ಫ್ರೆಂಡ್ಲಿಗಳಲ್ಲೇ ಕಂಡಿತ್ತು. ಮುಂದಿನ ವಾರ ಲೆಸ್ಟರ್ ವಿರುದ್ಧ ಎರಡು ಗೋಲು, ಎರಡು ಅಸಿಸ್ಟ್ (ಗೋಲಿಗೆ ಕೊಟ್ಟ ಪಾಸ್).

ಅಗ್ಗದ ಡಿಫೆಂಡರ್ ಒಬ್ಬ ದೊಡ್ಡ ತಂಡದ ಮೊದಲ ಹನ್ನೊಂದರಲ್ಲಿ ನಿಂತಿರುವುದು ಕಣ್ಣಿಗೆ ಬಿತ್ತಾ, ಅದೇ ನಿಮಗೆ ಫ್ರೆಂಡ್ಲಿ ಕೊಡುವ ಬಂಗಾರ. 100 ಮಿಲಿಯನ್‌ನಲ್ಲಿ 15 ಜನರನ್ನು ತರಬೇಕು, ಒಂದೇ ಕ್ಲಬ್‌ನಿಂದ ಮೂವರಿಗಿಂತ ಜಾಸ್ತಿ ತರುವಂತಿಲ್ಲ. ಇಲ್ಲಿ ಉಳಿಸಿದ ಅರ್ಧ ಮಿಲಿಯನ್ ಮುಂದೆ ದೊಡ್ಡ ಆಟಗಾರನನ್ನು ತರಲು ದಾರಿ ಮಾಡಿಕೊಡುತ್ತದೆ.

ನಾನು ಮಾಡುವ ಕೆಲಸ ಸರಳ. ಒಂದು ನೋಟ್‌ಬುಕ್‌ನಲ್ಲಿ ಆಟಗಾರನ ಹೆಸರು, ಇಳಿದದ್ದು ಎಷ್ಟನೇ ನಿಮಿಷಕ್ಕೆ, ಹೊರಗೆ ಬಂದದ್ದು ಎಷ್ಟಕ್ಕೆ, ಜೊತೆಗೆ ಯಾರಿದ್ದರು ಅಂತ ಬರೆದುಕೊಳ್ಳುತ್ತೇನೆ. "ಜೊತೆಗೆ ಯಾರಿದ್ದರು" ಅನ್ನುವುದು ತುಂಬಾ ಮುಖ್ಯ. ಜುಲೈ ಶುರುವಿನಲ್ಲಿ ಕೋಚ್‌ಗಳು ಅರ್ಧ ಆಟಕ್ಕೆ ಒಂದು ತಂಡ, ಇನ್ನರ್ಧಕ್ಕೆ ಇನ್ನೊಂದು ತಂಡ ಇಳಿಸುತ್ತಾರೆ. ಅವರಿಗೆ ಬೇಕಿರುವುದು ಮೈ ಪಳಗುವುದು, ಗೆಲುವಲ್ಲ. ಅಲ್ಲಿ 45 ನಿಮಿಷ ಆಡಿದ್ದಕ್ಕೆ ಅರ್ಥ ಕಡಿಮೆ. ಆದರೆ ಮೊದಲ ಗೋಲ್‌ಕೀಪರ್, ಕ್ಯಾಪ್ಟನ್ ಇವರ ಜೊತೆಯಲ್ಲೇ ಪ್ರತಿ ಸಲ ಇಳಿಯುತ್ತಿದ್ದರೆ ಅವನು ಕೋಚ್ ಲೆಕ್ಕದಲ್ಲಿ ಇದ್ದಾನೆ ಅಂತಲೇ. ಲೀಗ್ ಶುರುವಾಗುವ ಹಿಂದಿನ ವಾರದ ಫ್ರೆಂಡ್ಲಿಗೆ ತೂಕ ಎಲ್ಲಕ್ಕಿಂತ ಜಾಸ್ತಿ.

ಕಾರ್ನರ್, ಫ್ರೀ ಕಿಕ್ ಯಾರು ತೆಗೆದುಕೊಳ್ಳುತ್ತಾರೆ ಅನ್ನುವುದನ್ನೂ ನೋಡಿ. ಪೆನಾಲ್ಟಿ ಮಾತ್ರ ಸುಮ್ನೆ ನಂಬಬೇಡಿ. ಖಾಯಂ ಹೊಡೆಯುವವನು ಮೈದಾನದಲ್ಲಿ ಇಲ್ಲದಿದ್ದಾಗ ಬೇರೆಯವನು ಹೊಡೆದದ್ದಕ್ಕೆ ಬೆಲೆ ಇಲ್ಲ.

ಎದುರಾಳಿಯ ಸ್ಥಿತಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. 2025ರ ಆಗಸ್ಟ್‌ನಲ್ಲಿ ಚೆಲ್ಸಿ ಮಿಲಾನ್ ತಂಡವನ್ನು 4-1ರಿಂದ ಬಡಿಯಿತು. ಮಿಲಾನ್ ಶುರುವಿನಲ್ಲೇ ರೆಡ್ ಕಾರ್ಡ್ ಪಡೆದು ಹತ್ತು ಜನರಲ್ಲಿ ಆಡಿತ್ತು. ಮುಂದಿನ ವಾರ ಲೀಗ್‌ನ ಮೊದಲ ಮ್ಯಾಚ್‌ನಲ್ಲಿ ಅದೇ ಚೆಲ್ಸಿ, ಕ್ರಿಸ್ಟಲ್ ಪ್ಯಾಲೆಸ್ ಜೊತೆ 0-0. ಆ ವರ್ಷ ಚೆಲ್ಸಿ ಆಡಿದ ಕ್ಲಬ್ ವರ್ಲ್ಡ್ ಕಪ್ ಫೈನಲ್ ಜುಲೈ 13ಕ್ಕೆ ಇತ್ತು, ಚೆಲ್ಸಿ ಹುಡುಗರಿಗೆ ರಜೆಯೂ ಸರಿಯಾಗಿ ಸಿಕ್ಕಿರಲಿಲ್ಲ. ವಿಶ್ವಕಪ್, ಯೂರೋ ಇದ್ದ ವರ್ಷಗಳಲ್ಲೂ ಹೀಗೇ. ಫೈನಲ್ ತನಕ ಆಡಿದವರು ಫ್ರೆಂಡ್ಲಿಯಲ್ಲಿ ಕಾಣಿಸದಿದ್ದರೆ ಗಾಬರಿ ಬೇಡ, ಆದರೆ ಮೊದಲ ವಾರ 90 ನಿಮಿಷ ಆಡುತ್ತಾರೆ ಅಂತ ನಂಬಿ ನಿಮ್ಮ ಫ್ಯಾಂಟಸಿ ಟೀಮ್‌ಗೆ ಕ್ಯಾಪ್ಟನ್ ಮಾಡಲೂ ಬೇಡಿ.

ಎಲ್ಲ ಮ್ಯಾಚ್ ಕೂತು ನೋಡಬೇಕಿಲ್ಲ. ಅಮೆರಿಕದಲ್ಲಿ ನಡೆಯುವ ಎಷ್ಟೋ ಫ್ರೆಂಡ್ಲಿ ನಮಗೆ ಬೆಳಗಿನ ಜಾವಕ್ಕೆ ಬರುತ್ತವೆ. ಆ ಮಳೆಯಲ್ಲಿ ಎದ್ದು ಕೂರುವುದು ಬೇಡ, ಚಿಗರಿ ಬಸ್ಸಿನಲ್ಲಿ ಕೂತು ಲೈನ್‌ಅಪ್ (ಆಡುವವರ ಪಟ್ಟಿ) ಮತ್ತು ಬದಲಿ ಆಟಗಾರರು ಇಳಿದ ನಿಮಿಷ ಓದಿದರೆ ಮುಕ್ಕಾಲು ವಿಷಯ ಸಿಕ್ಕಿತು. ಆಮೇಲೆ ಸ್ಥಾನ ನೋಡಲು ಹೈಲೈಟ್ಸ್ ಸಾಕು.

ಟೀಮ್ ಬೇಗ ಮಾಡಿಟ್ಟುಕೊಳ್ಳಿ, ಮೊದಲ ಗಡುವಿನ ತನಕ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಬೆಲೆಯೂ ಏರುವುದಿಲ್ಲ. ಲೀಗ್ ಶುಕ್ರವಾರ ರಾತ್ರಿ ಶುರುವಾದರೆ ನಮ್ಮ ಗಡಿಯಾರದಲ್ಲಿ ಗಡುವು ಸಾಮಾನ್ಯವಾಗಿ 11 ಗಂಟೆಗೆ. ಒಂದೇ ಬೆಲೆಯ ಇಬ್ಬರ ನಡುವೆ ತಲೆ ಕೆಟ್ಟರೆ, ಕೊನೆಯ ಫ್ರೆಂಡ್ಲಿಯಲ್ಲಿ ಶುರುವಿನಿಂದ ಆಡಿ 60 ನಿಮಿಷ ದಾಟಿದವನನ್ನು ತೆಗೆದುಕೊಳ್ಳಿ.